ಹಿಮೋಫಿಲಿಯಾ ಇದ್ದವರಿಗೆ ಹೃದಯಾಘಾತ, ಲಕ್ವ ಬರುವುದಿಲ್ಲವೇ?

"ರಕ್ತ ಹೆಪ್ಪುಗಟ್ಟದವರಿಗೆ ಹಾರ್ಟ್ ಅಟ್ಯಾಕ್ ಆಗುವುದಿಲ್ಲ, ಲಕ್ವ ಹೊಡೆಯುವುದಿಲ್ಲ" ಎಂದು ಹೇಳುವವರಿದ್ದಾರೆ. ಕೇಳಲು ಸರಿ ಎನಿಸಿದರೂ ಈ ಮಾತು ತಪ್ಪು. ನಂಬಿ ಕೂತರೆ ಜೀವಕ್ಕೇ ಅಪಾಯ. ಏಕೆ ಎಂದು ನೋಡೋಣ.

ಹಿಮೋಫಿಲಿಯಾ ಎಂದರೇನು?

ಗಾಯವಾದಾಗ ರಕ್ತ ನಿಲ್ಲಿಸಲು ನಮ್ಮ ರಕ್ತದಲ್ಲಿ 'ಫ್ಯಾಕ್ಟರ್' ಎಂಬ ಪ್ರೋಟೀನ್‌ಗಳಿರುತ್ತವೆ. 8ನೇ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, 9ನೇ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಎ ವಿಧ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬಿ ಇನ್ನೂ ಅಪರೂಪ. ಸಾಮಾನ್ಯವಾಗಿ ಇದು ತಾಯಿಯ ಮೂಲಕ ಮಗನಿಗೆ ಬರುತ್ತದೆ. ಆದರೆ ಸುಮಾರು ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ.

ಹೃದಯಾಘಾತ ಹೇಗೆ ಬರುತ್ತದೆ?

ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂಡುವುದು ಹಲವು ವರ್ಷಗಳ ಕೆಲಸ. ಬಿಪಿ, ಶುಗರ್, ಬೀಡಿ-ಸಿಗರೇಟು, ಕೊಲೆಸ್ಟರಾಲ್ ಇದಕ್ಕೆ ಕಾರಣ. ಹಿಮೋಫಿಲಿಯಾ ಇದನ್ನು ತಡೆಯುವುದಿಲ್ಲ. ಆ ಕೊಬ್ಬಿನ ಪದರ ಒಡೆದರೆ ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಳ್ಳುತ್ತವೆ. ಹಿಮೋಫಿಲಿಯಾದಲ್ಲೂ ಪ್ಲೇಟ್‌ಲೆಟ್‌ಗಳು ಕೆಲಸ ಮಾಡುತ್ತವೆ. ಚಿಕಿತ್ಸೆ ಸುಧಾರಿಸಿ ಇವರೂ ಈಗ ಹೆಚ್ಚು ವರ್ಷ ಬದುಕುತ್ತಿರುವುದರಿಂದ ವಯಸ್ಸಿನ ಕಾಯಿಲೆಗಳು ಇವರಿಗೂ ಬರುತ್ತವೆ.

ಲಕ್ವದ ವಿಚಾರ?

ಲಕ್ವದಲ್ಲಿ ಎರಡು ಬಗೆ: ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಇಲ್ಲವೇ ಒಡೆದು ರಕ್ತ ಸೋರುವುದು. ಹಿಮೋಫಿಲಿಯಾದಲ್ಲಿ ಎರಡನೆಯದರ ಭಯ ಹೆಚ್ಚು. ಬಿಪಿ ಏರಿದರೆ ಈ ಅಪಾಯ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಬಿಪಿ ತಪಾಸಣೆ ತಪ್ಪಿಸಬಾರದು.

"ಎದೆನೋವು ಬಂದರೆ ಆಸ್ಪಿರಿನ್ ಅಗಿಯಿರಿ" ಎಂಬ ಫಾರ್ವರ್ಡ್

ಈ ಸಲಹೆ ಹಿಮೋಫಿಲಿಯಾ ಇದ್ದವರಿಗೆ ಅಲ್ಲ. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ. ಅಗತ್ಯವಿದ್ದರೆ ವೈದ್ಯರು ಫ್ಯಾಕ್ಟರ್ ಕೊಟ್ಟು, ಎಚ್ಚರಿಕೆಯಿಂದ ಕೊಡಬಹುದು. ಮನೆಯಲ್ಲಿ ನಾವೇ ಕೊಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ಏನು ಮಾಡಬೇಕು?

• ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ-ಕಾಲು ಸೋಲುವುದು, ಮಾತು ತೊದಲುವುದು, ಜೋರು ತಲೆನೋವಿನೊಂದಿಗೆ ವಾಂತಿ: ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ.
• "ಇವರಿಗೆ ಹಿಮೋಫಿಲಿಯಾ ಇದೆ" ಎಂದು ಮೊದಲೇ ಹೇಳಿ. ಲಕ್ವಕ್ಕೆ ನಾಲ್ಕೂವರೆ ಗಂಟೆಯೊಳಗೆ ಕೊಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಇವರಿಗೆ ಪ್ರಾಣಾಪಾಯ ತರಬಹುದು.
• ತಲೆಗೆ ಪೆಟ್ಟು ಬಿದ್ದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಸ್ಕ್ಯಾನ್ ವರದಿಗಾಗಿ ಕಾಯುವಂತಿಲ್ಲ.
• ರೋಗದ ವಿಧ, ರಕ್ತದ ಗುಂಪು, ವೈದ್ಯರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ಪೋತ್ನಾಳದವರು ರಾಯಚೂರಿನ ರಿಮ್ಸ್ ತಲುಪಲು ಮಾನ್ವಿ ದಾಟಿ ಹೋಗಬೇಕು. ದೇವದುರ್ಗದವರಿಗೂ ದಾರಿ ಹತ್ತಿರದ್ದಲ್ಲ. ಫ್ಯಾಕ್ಟರ್ ಎಲ್ಲಿ ಸಿಗುತ್ತದೆ ಎಂಬುದನ್ನು ಆರೋಗ್ಯ ಚೆನ್ನಾಗಿರುವಾಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಟ್ಟುಕೊಳ್ಳಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರೂ ಹಿಮೋಫಿಲಿಯಾದೊಂದಿಗೇ ಬದುಕುತ್ತಿರುವ ವೈದ್ಯರು.

ನಮ್ಮ ತೀರ್ಮಾನ: ಹಿಮೋಫಿಲಿಯಾ ಹೃದಯಾಘಾತ, ಲಕ್ವಗಳಿಂದ ಕಾಪಾಡುವುದಿಲ್ಲ. ಆಸ್ಪಿರಿನ್ ಸಲಹೆಯ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಈ ಎಚ್ಚರಿಕೆಯನ್ನೂ ಹಾಕಿ.