ಕೆಂಗಲ್ ಹನುಮಂತಯ್ಯನವರ ಜಮಾಖರ್ಚು

ಪದವಿಯಿಂದಿಳಿದ ನಾಯಕರನ್ನು ಗೌರವಿಸುವಾಗ ಬರಿಯ ಹೊಗಳಿಕೆಗಿಂತ ಜಮಾಖರ್ಚಿನ ಪರಿಶೀಲನೆಯೇ ಮೇಲು. ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಅವರು ಕಟ್ಟಿಸಿದ ವಿಧಾನಸೌಧದ ವೆಚ್ಚವನ್ನು ಕುರಿತು ಟೀಕೆಯೆದ್ದಿತು, ವಿಚಾರಣೆಯೂ ನಡೆಯಿತು. ಆದರೆ ಜಮೆಯ ಕಡೆ ಬರೆಯಬೇಕಾದ ಹಿರಿಯ ಮೊತ್ತ ಬೇರೆಯೇ ಉಂಟು. ಏಕೀಕರಣವಾದರೆ ತಮ್ಮ ಪ್ರಾಬಲ್ಯ ಕುಗ್ಗೀತೆಂದು ಹಳೆಯ ಮೈಸೂರಿನ ಅನೇಕ ಮುಖಂಡರು ಅಳುಕಿದರು. ಅದೇ ಪ್ರದೇಶದ ಬೆಂಬಲದಿಂದ ಆಳುತ್ತಿದ್ದ ಹನುಮಂತಯ್ಯನವರು ಮಾತ್ರ ಏಕೀಕರಣದ ಪರವಾಗಿ ನಿಂತರು. 1956ರ ಆಗಸ್ಟಿನಲ್ಲಿ ಪಕ್ಷದೊಳಗೆ ಬೆಂಬಲ ಕುಂದಿ ಅಧಿಕಾರ ತೊರೆದರು. ಅದೇ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯವನ್ನು ಬಿಟ್ಟು ಬಂದು ಸೇರಿದ ವಿಶಾಲ ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ತಾವು ಹರಸಿದ ನಾಡನ್ನು ಆಳುವ ಅವಕಾಶ ಹನುಮಂತಯ್ಯನವರಿಗೆ ಒದಗಲಿಲ್ಲ. ಹೊರನಾಡಿನಲ್ಲಿ ನಿಂತು ಒಂದೇ ಕನ್ನಡನಾಡನ್ನು ನಮ್ಮದೆನ್ನುವ ನಾವು ಈ ಋಣವನ್ನು ಮರೆಯಬಾರದು.