ಎತ್ತಿನ ನಡಿಗೆಯ ಗೇರು

ಹೋದ ವರ್ಷ ಮೇ ತಿಂಗಳಲ್ಲಿ ಕೊಪ್ಪದ ಗ್ಯಾರೇಜಿನಿಂದ ಫೋನ್ ಬಂತು. "ಅಣ್ಣ, ಟ್ರಾನ್ಸ್‌ಫರ್ ಕೇಸ್ ಬಿಚ್ಚಿದೀನಿ. ಸೀಲು, ಬೇರಿಂಗು ಎಲ್ಲಾ ಹೋಗಿದೆ. ಹೆಂಗಿದ್ರೂ ಬಿಚ್ಚಿದ್ದಾಗಿದೆ, ಗೇರ್ ಬದಲಾಯಿಸೋದಿದ್ರೆ ಈಗ್ಲೇ ಹೇಳಿ." ಮಳೆ ಹಿಡಿಯೋಕೆ ಮೂರು ವಾರ ಇತ್ತು.

ಜೀಪು ಅಪ್ಪಂದು. 1970ರ ದಶಕದ್ದು, ಮೂರೇ ಗೇರಿನದ್ದು, ನನಗಿಂತ ದೊಡ್ಡದು. ಮೂಲದ ಪೆಟ್ರೋಲ್ ಎಂಜಿನ್ ತೆಗೆದು ಯಾವುದೋ ಕಾಲದಲ್ಲಿ ಯಾರೋ ಡೀಸೆಲ್ ಕೂರಿಸಿದ್ದಾರೆ. ಮನೆಯಿಂದ ತೋಟಕ್ಕೆ ಇಳಿಯುವ ಮಣ್ಣುರಸ್ತೆಯಲ್ಲಿ ಮಳೆಗಾಲದಲ್ಲಿ ಓಡಾಡುವ ಗಾಡಿ ಅದೊಂದೇ. ಬೆಂಗಳೂರಿನಲ್ಲಿ ವೀಕೆಂಡ್ ಬಂದರೆ ಆಫ್‌ರೋಡ್ ಅಂತ ಹೊರಡುವ ನನ್ನ ಗೆಳೆಯರಿಗೆ ವಿಷಯ ಹೇಳಿದ್ದೇ ತಡ, "ಲೋ ರೇಂಜ್ ಗೇರ್ 2.46 ಇದ್ಯಲ್ಲ, ಅಮೆರಿಕದಿಂದ 3.15 ತರ್ಸಿ ಹಾಕ್ಸು ಗುರು, ಗೋಡೆ ಹತ್ತತ್ತೆ" ಅಂದರು. ನನಗೂ ಆಸೆ ಹುಟ್ಟಿತು. ಅಪ್ಪನಿಗೆ ಹೇಳಿದರೆ ಅವರು ಒಂದೇ ಮಾತು ಕೇಳಿದ್ದು: "ಈಗ್ಲೇ ಎತ್ತಿನ ಹಂಗೆ ಹೋಗತ್ತೆ. ಇನ್ನೂ ನಿಧಾನ ಹೋಗಿ ಎಂತ ಮಾಡ್ತೀಯ?"

ಉತ್ತರ ಗೊತ್ತಿರಲಿಲ್ಲ. ನಮ್ಮ ಜಾತಿಯವರು, ಅಂದರೆ ಸಾಫ್ಟ್‌ವೇರ್ ಜಾತಿಯವರು, ಇಂಥ ಹೊತ್ತಲ್ಲಿ ಮಾಡೋದನ್ನೇ ಮಾಡಿದೆ. ಎಕ್ಸೆಲ್ ತೆರೆದೆ. ಅದು ನನ್ನನ್ನು 1940ಕ್ಕೆ ಎಳೆದುಕೊಂಡು ಹೋಯಿತು.

ಮೊದಲು ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ. ಗೇರ್ ಸೈಕಲ್‌ನಲ್ಲಿ ನಂದಿಬೆಟ್ಟ ಹತ್ತಿದವರಿಗೆ ಗೊತ್ತು: ಕಾಲು ಪಟಪಟ ತುಳಿಯುತ್ತೆ, ಚಕ್ರ ಮಾತ್ರ ನಿಧಾನ ತಿರುಗುತ್ತೆ, ಆದರೆ ಸೈಕಲ್ ಹತ್ತುತ್ತೆ. ಜೀಪಿನ ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇದೆ. ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಹಂಚೋದು ಅದರ ಕೆಲಸ. ಅದರಲ್ಲೇ ಹೈ ಮತ್ತು ಲೋ ಅಂತ ಎರಡು ಗೇರಿರುತ್ತೆ. ಮೊದಲ ಗೇರಿನ ಅನುಪಾತ, ಲೋ ರೇಂಜ್ ಅನುಪಾತ, ಆಕ್ಸಲ್ ಅನುಪಾತ ಮೂರನ್ನೂ ಗುಣಿಸಿದರೆ ಬರೋದು ಕ್ರಾಲ್ ರೇಶಿಯೊ. 25 ಬಂತು ಅಂದರೆ ಎಂಜಿನ್ 25 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಸಂಖ್ಯೆ ದೊಡ್ಡದಾದಷ್ಟೂ ವೇಗ ಕಮ್ಮಿ, ಬಲ ಜಾಸ್ತಿ.

1940ರ ಜುಲೈ. ಫ್ರಾನ್ಸ್ ಹಿಟ್ಲರನಿಗೆ ಶರಣಾಗಿ ತಿಂಗಳೂ ಆಗಿರಲಿಲ್ಲ. ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಎರಡು ವೇಗದ ಟ್ರಾನ್ಸ್‌ಫರ್ ಕೇಸ್ ಇರುವ ಒಂದು ಸಣ್ಣ ಗಾಡಿ ಕೇಳಿತು. ಮಾದರಿ ಗಾಡಿ ತೋರಿಸಲು ಗಡುವು 49 ದಿನ. ನಮ್ಮ ಮ್ಯಾನೇಜರ್‌ಗಳ ಡೆಡ್‌ಲೈನ್ ಇದರ ಮುಂದೆ ಪುಣ್ಯ! ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ, ಕಾರ್ಲ್ ಪ್ರೋಬ್‌ಸ್ಟ್ ಅನ್ನೋ ಇಂಜಿನಿಯರ್ ಹಾಕಿಕೊಟ್ಟ ನಕ್ಷೆ ಹಿಡಿದು, ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ಸೇನೆಯ ಬೇಡಿಕೆಪಟ್ಟಿಯಲ್ಲಿ ನನ್ನ ಕಣ್ಣು ಹಿಡಿದದ್ದು ಗರಿಷ್ಠ ವೇಗ ಅಲ್ಲ, ಕನಿಷ್ಠ ವೇಗ: ಗಂಟೆಗೆ 3 ಮೈಲಿಯಲ್ಲೂ ಗಾಡಿ ಸಲೀಸಾಗಿ ಓಡಬೇಕು. ಅಂದರೆ 4.8 ಕಿಲೋಮೀಟರ್. ಬೂಟು ಹಾಕಿಕೊಂಡು ಹೆಜ್ಜೆ ಹಾಕುವ ಸಿಪಾಯಿಯ ನಡಿಗೆ ಅದು.

ಕೊನೆಗೆ ಯುದ್ಧಕ್ಕೆ ಹೋದದ್ದು ವಿಲ್ಲಿಸ್ ಎಂಬಿ ಮತ್ತು ಅದನ್ನೇ ಹೋಲುವ ಫೋರ್ಡ್ ಜೀಪು, ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ವಿಲ್ಲಿಸ್‌ನ ಮೊದಲ ಗೇರು 2.665, ಲೋ ರೇಂಜ್ 1.97, ಆಕ್ಸಲ್ 4.88. ಗುಣಿಸಿ, 25.6 ಬರುತ್ತೆ. ಎಂಜಿನ್ ನಿಮಿಷಕ್ಕೆ 800 ಸುತ್ತು ಅಂತಿಟ್ಟುಕೊಂಡರೆ ನನ್ನ ಲೆಕ್ಕಕ್ಕೆ ಬಂದ ವೇಗ ಗಂಟೆಗೆ 4 ಕಿಲೋಮೀಟರ್ ಚಿಲ್ಲರೆ. ಸಿಪಾಯಿಗಳ ಸಾಲಿನ ಹಿಂದೆ, ಕ್ಲಚ್ ಸುಡದೆ ತೆವಳಬಹುದು.

ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್‌ನವರಿಗೆ ಹೊಸ ಚಿಂತೆ: ಸೇನೆ ಕೊಳ್ಳೋದು ನಿಲ್ಲಿಸಿದರೆ ಯಾರಿಗೆ ಮಾರೋದು? ಕಣ್ಣು ಬಿದ್ದದ್ದು ರೈತರ ಮೇಲೆ. ಕುದುರೆ ಕಟ್ಟಿ ಉಳುವ ರೈತರು ಆಗ ಅಮೆರಿಕದಲ್ಲಿ ಬೇಕಾದಷ್ಟಿದ್ದರು. ಪ್ರಯೋಗಕ್ಕೆ ಕಟ್ಟಿದ ಕೆಲವು ಗಾಡಿಗಳ ಮೇಲೆ 'ಆಗ್ರಿಜೀಪ್' ಅಂತಲೇ ಫಲಕ ಹೊಡೆದರು. 1945ರಲ್ಲಿ ಸಿಜೆ-2ಎ ಮಾರುಕಟ್ಟೆಗೆ ಬಂತು. ನೇಗಿಲು ಎಳೆಯುತ್ತೆ, ಗರಗಸದ ಯಂತ್ರ ತಿರುಗಿಸುತ್ತೆ, ಭಾನುವಾರ ಚರ್ಚಿಗೂ ಹೋಗುತ್ತೆ ಅನ್ನೋ ಲೆಕ್ಕದ ಗಾಡಿ.

ಹೊರಗಿನಿಂದ ನೋಡಿದರೆ ಅದೇ ಯುದ್ಧದ ಜೀಪು. ಒಳಗೆ ಮಾತ್ರ ಹಲ್ಲುಚಕ್ರಗಳನ್ನು ಬದಲಿಸಿದ್ದರು. ಮೊದಲ ಗೇರು 2.8, ಲೋ ರೇಂಜ್ 1.97ರಿಂದ 2.43ಕ್ಕೆ, ಆಮೇಲೆ 2.46ಕ್ಕೆ. ಆಕ್ಸಲ್ 5.38. ಗುಣಿಸಿದರೆ 37. ಅದೇ 800 ಸುತ್ತಿಗೆ ವೇಗ ಗಂಟೆಗೆ 2.9 ಕಿಲೋಮೀಟರ್. ನಿಜವಾಗಿ ಉಳುವಾಗ ಎಂಜಿನ್ ಇನ್ನೂ ಜೋರಾಗಿ ತಿರುಗುತ್ತೆ, ಗಾಡಿಯೂ ಬೇಗ ಹೋಗುತ್ತೆ ಅನ್ನಿ. ಆದರೆ ಎಂಜಿನ್ ಬಂದ್ ಬೀಳದೆ ಇಳಿಯಬಹುದಾದ ತಳದ ವೇಗ ಇದು. ಚಿಕ್ಕವನಿದ್ದಾಗ ಗದ್ದೆ ಹೂಟಿಯಲ್ಲಿ ಅಜ್ಜನ ಹಿಂದೆ ನಡೆದಿದ್ದೇನೆ. ಆ ನಡಿಗೆ ನನ್ನ ಕಾಲಿಗೆ ನೆನಪಿದೆ. ಎಕ್ಸೆಲ್‌ನಲ್ಲಿ 2.9 ಅಂತ ಬಂದಾಗ ಅಪ್ಪ ಅಂದ 'ಎತ್ತಿನ ಹಂಗೆ' ಬರೀ ಮಾತಲ್ಲ ಅಂತ ಗೊತ್ತಾಯ್ತು.

ಯುದ್ಧ ಮುಗಿದ ಕೆಲವೇ ವರ್ಷಕ್ಕೆ ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ನಮ್ಮ ಮಲೆನಾಡಿನ ತೋಟಗಳಲ್ಲಿ ಓಡಿದ ಜೀಪುಗಳು ಆ ಸಂತತಿಯವೇ. ಸೀಟಿನ ಪಕ್ಕ ಎರಡು ಪುಟ್ಟ ಲಿವರ್: ಒಂದು ಫೋರ್‌ವೀಲ್‌ಗೆ, ಇನ್ನೊಂದು ಲೋಗೆ.

ಹಾಗಾದರೆ ಗೆಳೆಯರು ಹೇಳುವ ದೊಡ್ಡ ಸಂಖ್ಯೆಗಳು ಎಲ್ಲಿಂದ ಬಂದವು? ಕ್ಯಾಲಿಫೋರ್ನಿಯಾದ ಬಂಡೆಗಳಿಂದ. 1980ರ ದಶಕದ ಟೊಯೋಟಾ ಪಿಕಪ್‌ನ ಲೆಕ್ಕವೂ ಹೆಚ್ಚುಕಮ್ಮಿ 37ಕ್ಕೇ ನಿಲ್ಲುತ್ತಿತ್ತು. ಆದರೆ ಸಿಯೆರಾ ನೆವಾಡಾದ ರುಬಿಕಾನ್ ಹಾದಿಯಲ್ಲಿ ಕಾರಿನಷ್ಟು ದೊಡ್ಡ ಬಂಡೆಗಳ ಮೇಲೆ ಒಂದೊಂದೇ ಚಕ್ರ ಊರಿ ಹತ್ತಬೇಕು. ಅಲ್ಲಿ 37 ಕೂಡ ಓಟ. ಟೊಯೋಟಾದ ಲೋ ರೇಂಜ್ ಪೆಟ್ಟಿಗೆ ಬೇರ್ಪಡಿಸಬಹುದಾದ ಭಾಗ ಅಂತ ಕಂಡುಕೊಂಡವರು ಎರಡು ಪೆಟ್ಟಿಗೆಗಳನ್ನು ಒಂದರ ಹಿಂದೊಂದು ಜೋಡಿಸಿದರು. 2.28 ಇಂಟು 2.28, ಅಂದರೆ 5.2. ಕ್ರಾಲ್ ರೇಶಿಯೊ 84! ಜೀಪಿನವರೂ 2003ರಲ್ಲಿ ಅದೇ ಹಾದಿಯ ಹೆಸರಿಟ್ಟು, 4:1 ಲೋ ರೇಂಜ್ ಇರುವ ರ‍್ಯಾಂಗ್ಲರ್ ರುಬಿಕಾನ್ ತಂದರು. 2007ರ ಮಾದರಿಯಲ್ಲಿ ಒಟ್ಟು ಸಂಖ್ಯೆ 73ಕ್ಕೆ ಮುಟ್ಟಿತ್ತು.

ಸಿಪಾಯಿಗೆ 25, ರೈತನಿಗೆ 37, ಬಂಡೆಗೆ 73. ಗೇರ್ ಆರಿಸೋದು ಅಂದರೆ ಯಾರ ಜೊತೆ ನಡೀಬೇಕು ಅಂತ ಆರಿಸೋದು. ನಮ್ಮ ತೋಟದ ದಾರಿಯಲ್ಲಿ ಬಂಡೆ ಇಲ್ಲ, ಇರೋದು ಜಾರು ಕೆಮ್ಮಣ್ಣು. ಕೆಸರಲ್ಲಿ ಚಕ್ರ ತುಸು ಬೇಗ ತಿರುಗಿದರೇನೇ ಟೈರಿನ ಹಲ್ಲಿಗೆ ಮೆತ್ತಿದ ಮಣ್ಣು ಸಿಡಿದು ಹೋಗೋದು, ಇಲ್ಲದಿದ್ದರೆ ಟೈರು ಬೋಳಾದಂತೆಯೇ. ಜೊತೆಗೆ 2.46 ಹೋಗಿ 3.15 ಆದರೆ ಪೆಟ್ಟಿಗೆಯಿಂದಾಚೆ ಶಾಫ್ಟು, ಆಕ್ಸಲ್‌ಗಳ ಮೇಲೆ ಬೀಳುವ ತಿರುಚುಬಲ ಶೇಕಡ 28 ಹೆಚ್ಚು. ಐವತ್ತು ವರ್ಷದ ಲೋಹ ಅದು.

ಇಷ್ಟಾದರೂ ಒಂದು ಕಾರಣ ನನ್ನನ್ನು ಬಿಡಲಿಲ್ಲ. ಇಳಿಜಾರು. ಲೋ ರೇಂಜ್‌ನ ದೊಡ್ಡ ಉಪಕಾರ ಹತ್ತುವಾಗ ಅಲ್ಲ, ಇಳಿಯುವಾಗ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ, ಬ್ರೇಕಿಗೆ ಕೆಲಸವೇ ಇರೋಲ್ಲ. 1998ರ ಆಗಸ್ಟ್‌ನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಅಪ್ಪ ಇಳಿಯುತ್ತಿದ್ದರು, ಮೂಟೆಗಳ ಮೇಲೆ ನಾನು. ಹಳ್ಳ ದಾಟಿದ್ದೇ ತಡ ಡ್ರಮ್ಮಿಗೆ ನೀರು ಹೋಗಿ ಬ್ರೇಕ್ ಹಿಡಿಯಲಿಲ್ಲ. ಅಪ್ಪ ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ಧರೆಗೆ ಒರೆಸಿಕೊಂಡೇ ನಿಲ್ಲಿಸಿದರು. ಇನ್ನೊಂದು ಬದಿಗೆ ತಿರುಗಿಸಿದ್ದರೆ ಈ ಬರಹ ಬರೆಯೋಕೆ ನಾನಿರುತ್ತಿರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ಕೇಳಿದೆ: "ಅವತ್ತು ಲೋ ಹಾಕಿದ್ರಾ?"

"ಇಲ್ಲ. ಅದು ಹಾಕ್ಬೇಕಂದ್ರೆ ಗಾಡಿ ನಿಲ್ಲಿಸ್ಬೇಕು, ಲಿವರ್ ಬೇರೆ ಗಟ್ಟಿ. ಒಂದೇ ಇಳಿಜಾರು ಅಲ್ಲವನ, ಅಂತ ಬಿಟ್ಟೆ." ಸ್ವಲ್ಪ ತಡೆದು ಅಂದರು, "ಈಗ್ಲೂ ಒಂದೊಂದು ದಿನ ಹಾಕಲ್ಲ ಮಾರಾಯ. ಭುಜ ನೋಯತ್ತೆ."

ಅಪ್ಪನಿಗೆ ಈಗ 69. ನಾನು ಮೂರು ರಾತ್ರಿ ಕೂತು ಅನುಪಾತ ಗುಣಿಸುತ್ತಿದ್ದೆ, ಅಲ್ಲಿ ಅವರು ಲಿವರ್ ಎಳೆಯಲಾರದೆ ಹೈನಲ್ಲೇ ಇಳಿಯುತ್ತಿದ್ದರು.

ಮಾರನೇ ದಿನ ಗ್ಯಾರೇಜಿಗೆ ಹೇಳಿದೆ: ಗೇರ್ ಅದೇ ಇರಲಿ. ಸೀಲು, ಬೇರಿಂಗು ಹೊಸದು ಹಾಕಿ. ಲಿವರಿನ ಪಿನ್ನು, ಒಳಗಿನ ರಾಡು ತುಕ್ಕು ತೆಗೆದು ಸಲೀಸು ಮಾಡಿ. ನಾಲ್ಕೂ ಬ್ರೇಕ್ ಬಿಚ್ಚಿ ನೋಡಿ. "ಅಷ್ಟೇನಾ?" ಅಂದ ಹುಡುಗನ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ಜೂನ್ ಮೊದಲ ವಾರ ಊರಿಗೆ ಹೋದಾಗ ಇಳಿಜಾರಿನ ತಲೆಯಲ್ಲಿ ಅಪ್ಪ ಜೀಪು ನಿಲ್ಲಿಸಿದರು. ಎಡಗೈಯಲ್ಲಿ ಲಿವರ್ ಎಳೆದರು. ಟಕ್ ಅಂತ ಕೂತಿತು. ಬ್ರೇಕಿನಿಂದ ಕಾಲು ತೆಗೆದು, ಹಳ್ಳದವರೆಗೂ ಅಡಿಕೆ ರೇಟಿನ ವಿಷಯ ಮಾತಾಡುತ್ತಾ ಇಳಿದರು.