ಮತಪತ್ರವನ್ನು ಮುದ್ರಿಸಿದವರು

1787ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಭೆಸೇರಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ರಾಜ್ಯಾಂಗವನ್ನು ರಚಿಸಿದ ಮಹನೀಯರು, ಅಧ್ಯಕ್ಷನಾಗತಕ್ಕವನಿಗೆ ಎಷ್ಟು ವಯಸ್ಸಾಗಿರಬೇಕು, ಪ್ರತಿನಿಧಿ ಸಭೆಯ ಸದಸ್ಯನು ಎಷ್ಟು ವರ್ಷಗಳಿಂದ ನಾಗರಿಕನಾಗಿರಬೇಕು ಎಂಬಂತಹ ಸಂಗತಿಗಳನ್ನೆಲ್ಲ ಸೂಕ್ಷ್ಮವಾಗಿ ವಿಧಿಸಿದರಾದರೂ, ರಾಜಕೀಯ ಪಕ್ಷವೆಂಬುದರ ಹೆಸರನ್ನು ಆ ಶಾಸನದಲ್ಲಿ ಎಲ್ಲಿಯೂ ಎತ್ತಲಿಲ್ಲ. ಮತದ ಅಧಿಕಾರ ಯಾರಿಗೆ ಸಲ್ಲಬೇಕೆಂಬುದನ್ನೂ ಬಹುಮಟ್ಟಿಗೆ ಆಯಾ ಸಂಸ್ಥಾನದ ವಿವೇಚನೆಗೇ ಬಿಟ್ಟರು. ಪಕ್ಷಬುದ್ಧಿಯು ಗಣರಾಜ್ಯಕ್ಕೆ ಹಾನಿಕರವೆಂದು ಜಾರ್ಜ್ ವಾಷಿಂಗ್ಟನ್ನರು 1796ರ ತಮ್ಮ ಬೀಳ್ಕೊಡುಗೆಯ ಲೇಖನದಲ್ಲಿ ಎಚ್ಚರಿಸಿದ್ದುಂಟು. ಆ ಮಾತಿಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ಆಡಮ್ಸರೂ ಜೆಫರ್ಸನ್ನರೂ ಎರಡು ಪಕ್ಷಗಳ ನಾಯಕರಾಗಿ ಪರಸ್ಪರ ಎದುರು ನಿಂತಿದ್ದರು. ಹೀಗೆ ಪ್ರಜೆಗೂ ಸರಕಾರಕ್ಕೂ ನಡುವೆ, ರಾಜ್ಯಾಂಗವು ಎಣಿಸದಿದ್ದ, ಶಾಸನವು ಅಳತೆ ಹಾಕಿಕೊಡದ ಒಂದು ಮನೆ ಎದ್ದುಕೊಂಡಿತು. ಆ ಮನೆಯ ಬಾಗಿಲನ್ನು ಕಾಯುವವರಾರು, ಅದರೊಳಕ್ಕೆ ಹೋಗಲು ಯಾರಿಗೆ ಅಪ್ಪಣೆ ಎಂಬ ಪ್ರಶ್ನೆಯೇ ಅಮೆರಿಕದ ನಾಗರಿಕನ ಪಕ್ಷಜೀವನದ ಇತಿಹಾಸವಾಗಿದೆಯೆಂದು ನನ್ನ ಅಭಿಪ್ರಾಯ. ಆ ಇತಿಹಾಸದ ಜಾಡು ಬೇರೆಲ್ಲಿಗಿಂತಲೂ ಸ್ಪಷ್ಟವಾಗಿ ಕಾಣುವುದು ಮತಪತ್ರವೆಂಬ ಒಂದು ತುಂಡು ಕಾಗದದಲ್ಲಿ.

ಮೊದಮೊದಲು ಅನೇಕ ಕಡೆ ಆ ಕಾಗದವೂ ಇರಲಿಲ್ಲ. ವರ್ಜೀನಿಯಾ, ಕೆಂಟಕಿ, ಮಿಸ್ಸೂರಿ ಮುಂತಾದ ಸೀಮೆಗಳಲ್ಲಿ ಮತದಾರನು ನ್ಯಾಯಸ್ಥಾನದ ಮೆಟ್ಟಿಲನ್ನೇರಿ, ತನಗೆ ಬೇಕಾದ ಉಮೇದುವಾರನ ಹೆಸರನ್ನು ಎಲ್ಲರೂ ಕೇಳುವಂತೆ ಹೇಳಬೇಕಾಗಿದ್ದಿತು. ಜಾರ್ಜ್ ಕೇಲೆಬ್ ಬಿಂಗ್‌ಹ್ಯಾಮ್ ಎಂಬ ಚಿತ್ರಕಾರನು 1852ರಲ್ಲಿ ಬರೆದ ‘ದಿ ಕೌಂಟಿ ಎಲೆಕ್ಷನ್’ ಎಂಬ ವರ್ಣಚಿತ್ರದಲ್ಲಿ ಈ ದೃಶ್ಯವನ್ನು ಇಂದಿಗೂ ಕಾಣಬಹುದು: ಮೆಟ್ಟಿಲ ಮೇಲೆ ಬೈಬಲ್ಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಿರುವ ಶ್ರಮಜೀವಿ, ಹಿಂದೆ ಕುಳಿತು ಬರೆದುಕೊಳ್ಳುತ್ತಿರುವ ಗುಮಾಸ್ತರು, ಕೆಳಗೆ ಮದ್ಯವನ್ನು ಸುರಿಯುತ್ತಿರುವವನು, ಕುಡಿದು ಮೈಮರೆತವನನ್ನು ಮತ ಹಾಕಿಸಲು ಎಳೆದು ತರುತ್ತಿರುವ ಗೆಳೆಯ. ಅಷ್ಟು ಜನಸಂದಣಿಯಲ್ಲಿ ಒಬ್ಬಳಾದರೂ ಹೆಣ್ಣಿಲ್ಲ. ಬಿಂಗ್‌ಹ್ಯಾಮ್ ತಾನೇ ಚುನಾವಣೆಗೆ ನಿಂತು ಸೋಲುಗೆಲುವುಗಳನ್ನು ಕಂಡವನಾದುದರಿಂದ ಅವನ ಕಣ್ಣಿಗೆ ಇದಾವುದೂ ಕಲ್ಪನೆಯಾಗಿರಲಿಲ್ಲ. ಮದ್ಯದ ಉಪಚಾರವೂ ಹೊಸದಲ್ಲ. 1758ರಲ್ಲಿ ವರ್ಜೀನಿಯಾದ ಶಾಸನಸಭೆಗೆ ನಿಂತಾಗ ವಾಷಿಂಗ್ಟನ್ನರ ಕಡೆಯವರು ಮತದಾರರಿಗೆ ನೂರು ಗ್ಯಾಲನ್ನಿಗೂ ಮಿಕ್ಕು ಪಾನೀಯಗಳನ್ನು ಹಂಚಿದ್ದರು. ಸಾಲ ಕೊಟ್ಟ ಸಾಹುಕಾರನೂ ಗೇಣಿಯ ಒಡೆಯನೂ ಎದುರಿಗೇ ನಿಂತು ಕೇಳುತ್ತಿರುವಾಗ ಬಡವನ ಬಾಯಿಂದ ಬರುವ ಹೆಸರು ಎಷ್ಟರಮಟ್ಟಿಗೆ ಅವನದು ಎಂಬುದನ್ನು ಓದುಗರೇ ಊಹಿಸಬಲ್ಲರು.

ಕಾಗದ ಬಂದ ಮೇಲೆ ಈ ಸಂಕಟ ತೀರಬೇಕಾಗಿತ್ತು. ತೀರಲಿಲ್ಲ, ಏಕೆಂದರೆ ಆ ಕಾಗದವನ್ನು ಒದಗಿಸುವ ಹೊಣೆ ಸರಕಾರದ್ದಾಗಿರಲಿಲ್ಲ. ಮತದಾರನು ಮನೆಯಿಂದ ಹೆಸರುಗಳನ್ನು ಬರೆದುಕೊಂಡು ಬರಬೇಕು. ಬರವಣಿಗೆಗೆ ಬದಲಾಗಿ ಅಚ್ಚು ಹಾಕಿಸಿದ ಚೀಟಿಯೂ ಸಲ್ಲುತ್ತದೆಂದು ಮ್ಯಾಸಚೂಸೆಟ್ಸಿನ ಶ್ರೇಷ್ಠ ನ್ಯಾಯಾಲಯವು 1829ರಲ್ಲಿ ತೀರ್ಪಿತ್ತಿತು. ಆಗ ಪಕ್ಷಗಳು ತಮ್ಮ ತಮ್ಮ ಉಮೇದುವಾರರ ಹೆಸರುಗಳನ್ನು ಮಾತ್ರ ಅಚ್ಚು ಮಾಡಿಸಿ, ಬಣ್ಣದ ಕಾಗದದಲ್ಲಿ, ಪಕ್ಷದ ಚಿಹ್ನೆಯೊಡನೆ ಮತಗಟ್ಟೆಯ ಬಳಿ ಹಂಚತೊಡಗಿದವು. ಪೆಟ್ಟಿಗೆಗೆ ಬೀಳುವ ಚೀಟಿಯ ಬಣ್ಣ ದೂರದಿಂದಲೇ ಕಾಣುತ್ತಿದ್ದುದರಿಂದ ಹಣ ಕೊಟ್ಟವನಿಗೆ ತಾನು ಕೊಂಡ ಮತವು ತಲುಪಿತೇ ಇಲ್ಲವೇ ಎಂಬ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ. ತನ್ನ ಪಕ್ಷದವರಲ್ಲಿ ಒಬ್ಬನನ್ನು ಒಲ್ಲದ ಸ್ವತಂತ್ರ ಬುದ್ಧಿಯ ಮತದಾರನು ಆ ಹೆಸರನ್ನು ಹೊಡೆದುಹಾಕಿ ಬದಿಗೆ ಇನ್ನೊಂದನ್ನು ಬರೆಯಬೇಕು, ಇಲ್ಲವೆ ಅಂಟುಚೀಟಿಯೊಂದನ್ನು ಮೇಲೆ ಅಂಟಿಸಬೇಕು. ಪಕ್ಷದ ಮುಖಂಡರಿಗೆ ಅಷ್ಟು ಸ್ವಾತಂತ್ರ್ಯವೂ ಸಹನವಾಗಲಿಲ್ಲ. 1871ರಲ್ಲಿ ಕ್ಯಾಲಿಫೋರ್ನಿಯಾದ ಮೇರ್ ದ್ವೀಪದ ಹಡಗುಕಟ್ಟೆಯ ಕಾರ್ಮಿಕರ ಕೈಗೆ ಕೊಟ್ಟ ಚೀಟಿಯು ಎಷ್ಟು ಕಿರಿದಾಗಿ, ಅದರ ಅಕ್ಷರಗಳು ಎಷ್ಟು ಸೂಕ್ಷ್ಮವಾಗಿ, ಸಾಲುಗಳು ಎಷ್ಟು ಒತ್ತಾಗಿ ಇದ್ದುವೆಂದರೆ ಅದರಲ್ಲಿ ಒಂದು ಹೆಸರನ್ನು ಬದಲಿಸಿ ಬರೆಯುವುದು ಅಸಾಧ್ಯವಾಗಿತ್ತು. ಜನರು ಅದನ್ನು ಲಾಡಿಹುಳುವಿನ ಚೀಟಿಯೆಂದು ಕರೆದರು.

ಹೆಸರುಗಳನ್ನು ಆರಿಸುತ್ತಿದ್ದವರಾದರೂ ಯಾರು? ಮೊದಲಲ್ಲಿ ಕಾಂಗ್ರೆಸ್ಸೆಂಬ ರಾಷ್ಟ್ರೀಯ ಶಾಸನಸಭೆಯ ಸದಸ್ಯರೇ ಒಂದು ಕೋಣೆಯಲ್ಲಿ ಕಲೆತು ಅಧ್ಯಕ್ಷ ಪದವಿಗೆ ಉಮೇದುವಾರನನ್ನು ಗೊತ್ತುಮಾಡುತ್ತಿದ್ದರು. ಆ ಪದ್ಧತಿ 1824ರ ಹೊತ್ತಿಗೆ ಹೆಸರುಗೆಟ್ಟು, 1831ರಲ್ಲಿ ಬಾಲ್ಟಿಮೋರಿನಲ್ಲಿ ಮೇಸನ್-ವಿರೋಧಿ ಪಕ್ಷದವರು ಮೊದಲ ರಾಷ್ಟ್ರೀಯ ನಾಮಕರಣ ಸಮ್ಮೇಳನವನ್ನು ಕೂಡಿಸಿದರು. ಉಳಿದ ಪಕ್ಷಗಳು ಅದೇ ದಾರಿಯನ್ನು ಹಿಡಿದವು. ಸಮ್ಮೇಳನಕ್ಕೆ ಹೋಗುವ ಪ್ರತಿನಿಧಿಗಳನ್ನು ಆರಿಸುವ ಬೀದಿಬೀದಿಯ ಕೂಟಗಳು ಮಾತ್ರ ನ್ಯೂಯಾರ್ಕಿನ ಟ್ಯಾಮನಿ ಹಾಲಿನಂತಹ ಪಕ್ಷಸಂಸ್ಥೆಗಳ ಧಣಿಗಳ ವಶದಲ್ಲಿದ್ದವು. ಈ ಧಣಿಗಳನ್ನು ನಿಂದಿಸುವುದು ಸುಲಭ, ನಿಂದೆಗೆ ಅವರು ಅರ್ಹರೂ ಹೌದು. ಆದರೆ ಹಡಗಿನಿಂದಿಳಿದ ಐರಿಷ್ ಬಡವನಿಗೆ ಕೆಲಸ ಕೊಡಿಸಿ, ಚಳಿಗಾಲಕ್ಕೆ ಇದ್ದಿಲು ಒದಗಿಸಿ, ಪೌರತ್ವದ ಪತ್ರವನ್ನೂ ಕೈಗೆ ಬರಿಸಿದವರು ಅವರೇ ಎಂಬುದನ್ನು ಮರೆಯಲಾಗದು. 1876ರಲ್ಲಿ ಅರ್ಹರಾದ ಮತದಾರರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಮತ ಹಾಕಿದರು. ನಂತರದ ಸುಧಾರಕರು ಎಷ್ಟು ಶ್ರಮಿಸಿದರೂ ಆ ಪ್ರಮಾಣವನ್ನು ಮತ್ತೆ ಕಾಣಲಿಲ್ಲ.

ಸುಧಾರಣೆ ಬಂದುದು ದೂರದ ಆಸ್ಟ್ರೇಲಿಯಾದಿಂದ. ಅಲ್ಲಿಯ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ 1856ರಿಂದ ಸರಕಾರವೇ ಮತಪತ್ರವನ್ನು ಅಚ್ಚು ಮಾಡಿಸಿ, ಮತದಾರನು ಮರೆಯಲ್ಲಿ ಗುರುತು ಹಾಕುವ ಕ್ರಮ ನೆಲೆಗೊಂಡಿತ್ತು. ಅಮೆರಿಕದಲ್ಲಿ 1888ರಲ್ಲಿ ಕೆಂಟಕಿಯ ಲೂಯಿವಿಲ್ ನಗರವು ಇದನ್ನು ಮೊದಲು ಸ್ವೀಕರಿಸಿತು. ಆದರೆ ಆ ಸಂಸ್ಥಾನದ ರಾಜ್ಯಾಂಗವು ಬಾಯಿಮಾತಿನ ಮತವನ್ನೇ ವಿಧಿಸಿದ್ದುದರಿಂದ, ಒಂದೇ ಊರಿನ ಮತದಾರನು ನಗರಸಭೆಯ ಚುನಾವಣೆಯಲ್ಲಿ ಗುಪ್ತವಾಗಿಯೂ ಸಂಸ್ಥಾನದ ಚುನಾವಣೆಯಲ್ಲಿ ಗಟ್ಟಿಯಾಗಿಯೂ ಮತ ನೀಡುವಂತಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನವೂ ಶಾಸನ ಮಾಡಿತು, ಮುಂದಿನ ಕೆಲವೇ ವರ್ಷಗಳಲ್ಲಿ ಹೆಚ್ಚುಪಾಲು ಸಂಸ್ಥಾನಗಳು ಅನುಸರಿಸಿದವು. ಬೆದರಿಕೆಯೂ ಲಂಚವೂ ತಗ್ಗಿದವು, ನಿಜ. ಆದರೆ ಬಣ್ಣವನ್ನು ನೋಡಿ ಚೀಟಿ ಹಾಕುತ್ತಿದ್ದ ನಿರಕ್ಷರಿಗೆ ಈಗ ಓದು ಬರಬೇಕಾಯಿತು. ದಕ್ಷಿಣದ ಸಂಸ್ಥಾನಗಳ ಬಿಳಿಯ ಶಾಸಕರು, ದಾಸ್ಯದಿಂದ ಬಿಡುಗಡೆ ಹೊಂದಿ ಇಪ್ಪತ್ತೈದು ವರ್ಷಗಳಷ್ಟೇ ಕಳೆದಿದ್ದ ಕರಿಯ ಜನರನ್ನು ಮತದಿಂದ ದೂರವಿಡುವ ಉಪಾಯವನ್ನಾಗಿಯೇ ಇದನ್ನು ಬರಮಾಡಿಕೊಂಡರು. ಸತ್ಕಾರ್ಯದ ಒಳಗೇ ಅನ್ಯಾಯವು ಹೀಗೆ ಸೇರಿಕೊಂಡುದನ್ನು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

ಇನ್ನೊಂದು ಪರಿಣಾಮವು ಯಾರ ಎಣಿಕೆಗೂ ಬಂದಿರಲಿಲ್ಲ. ಸರಕಾರವೇ ಮತಪತ್ರವನ್ನು ಅಚ್ಚು ಹಾಕಿಸಬೇಕಾದರೆ ಯಾವ ಪಕ್ಷಗಳ ಹೆಸರನ್ನು ಅದರಲ್ಲಿ ಸೇರಿಸಬೇಕು, ಆ ಪಕ್ಷದ ನಿಜವಾದ ಉಮೇದುವಾರನಾರು ಎಂಬುದನ್ನು ಶಾಸನವೇ ನಿರ್ಣಯಿಸಬೇಕಾಗುತ್ತದೆ. ಅದುವರೆಗೆ ಖಾಸಗಿ ಕೂಟವಾಗಿದ್ದ ಪಕ್ಷದೊಳಕ್ಕೆ ಕಾನೂನು ಕಾಲಿಟ್ಟುದು ಹಾಗೆ. ವಿಸ್ಕಾನ್ಸಿನ್ನಿನ ಗವರ್ನರ್ ರಾಬರ್ಟ್ ಲಾ ಫಾಲೆಟ್ ಸಮ್ಮೇಳನಗಳಲ್ಲಿ ಧಣಿಗಳಿಂದ ಸೋಲುಂಡವರು. ಉಮೇದುವಾರನನ್ನು ಪಕ್ಷದ ಮತದಾರರೇ ನೇರವಾಗಿ ಆರಿಸಬೇಕೆಂಬ ಅವರ ಪ್ರೈಮರಿಯ ಶಾಸನವು 1903ರಲ್ಲಿ ಆಗಿ, 1904ರಲ್ಲಿ ಜನಮತದಿಂದ ಸ್ಥಿರಗೊಂಡಿತು. ಮತಾಧಿಕಾರಕ್ಕೆ ಮುಂಚೆಯೇ ಕೆಲವರು ಪಕ್ಷವನ್ನು ಪ್ರವೇಶಿಸಿದುದೂ ಉಂಟು: 1912ರಲ್ಲಿ ಷಿಕಾಗೋದಲ್ಲಿ ನಡೆದ ಪ್ರೋಗ್ರೆಸಿವ್ ಪಕ್ಷದ ಸಮ್ಮೇಳನದಲ್ಲಿ ಅಧ್ಯಕ್ಷ ಪದವಿಗೆ ಥಿಯೊಡರ್ ರೂಸ್‌ವೆಲ್ಟರ ಹೆಸರನ್ನು ಅನುಮೋದಿಸಿದ ಜೇನ್ ಆಡಮ್ಸ್ ಎಂಬ ಮಹಿಳೆಗೆ ಆ ವರ್ಷ ಮತ ಹಾಕುವ ಹಕ್ಕೇ ಇರಲಿಲ್ಲ. ಸ್ತ್ರೀಯರಿಗೆ ಆ ಹಕ್ಕು ದೇಶವ್ಯಾಪಿಯಾಗಿ ದೊರೆತುದು 1920ರಲ್ಲಿ.

ಪ್ರೈಮರಿಯು ಬಾಗಿಲನ್ನು ತೆರೆಯಿತು; ಟೆಕ್ಸಸ್ ಅದಕ್ಕೆ ಅಗುಳಿ ಹಾಕಿತು. ಅಲ್ಲಿ ಡೆಮೊಕ್ರಾಟಿಕ್ ಪಕ್ಷಕ್ಕೆ ಎದುರಾಳಿಯೇ ಇರಲಿಲ್ಲವಾದುದರಿಂದ ಪ್ರೈಮರಿಯಲ್ಲಿ ಗೆದ್ದವನು ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದಂತೆಯೇ ಸರಿ. ಆ ಪ್ರೈಮರಿಯಲ್ಲಿ ಕರಿಯರು ಮತ ಹಾಕಕೂಡದೆಂದು 1923ರಲ್ಲಿ ಶಾಸನವಾಯಿತು. ಎಲ್ ಪಾಸೊ ನಗರದ ವೈದ್ಯ ಲಾರೆನ್ಸ್ ನಿಕ್ಸನ್ ಮತ ಹಾಕಲು ತೆರಬೇಕಾಗಿದ್ದ ತಲೆಗಂದಾಯವನ್ನು ಸಲ್ಲಿಸಿದ ರಸೀದಿಯನ್ನು ಹಿಡಿದು 1924ರಲ್ಲಿ ಮತಗಟ್ಟೆಗೆ ಹೋಗಿ, ಹಿಂದಕ್ಕೆ ಕಳುಹಿಸಲ್ಪಟ್ಟು, ವ್ಯಾಜ್ಯ ಹೂಡಿದರು. 1927ರಲ್ಲಿ ಸರ್ವೋಚ್ಚ ನ್ಯಾಯಾಲಯವು ಏಕಮತದಿಂದ ಅವರ ಪಕ್ಷವಾಗಿ ತೀರ್ಪಿತ್ತಿತು. ಟೆಕ್ಸಸ್ ಸರಕಾರವು ಒಡನೆಯೇ ಆ ಅಧಿಕಾರವನ್ನು ಪಕ್ಷದ ಕಾರ್ಯಸಮಿತಿಗೆ ವಹಿಸಿತು. ನಿಕ್ಸನ್ನರು ಮತ್ತೆ ಹೋರಾಡಿ 1932ರಲ್ಲಿ ಮತ್ತೆ ಗೆದ್ದರು. ಆಗ ಪಕ್ಷದ ಸಮ್ಮೇಳನವೇ ನಿರ್ಬಂಧವನ್ನು ಅಂಗೀಕರಿಸಿತು. 1935ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಪಕ್ಷವು ಸ್ವೇಚ್ಛೆಯಿಂದ ಕೂಡಿದ ಖಾಸಗಿ ಸಂಘವಾದುದರಿಂದ ತನಗೆ ಬೇಡವಾದವರನ್ನು ಹೊರಗಿಡಬಹುದೆಂದು ಹೇಳಿಬಿಟ್ಟಿತು. ಸರಕಾರದ ಕಾನೂನು ಏರ್ಪಡಿಸಿ ನಿಯಮಿಸಿದ ಚುನಾವಣೆಯನ್ನು ಖಾಸಗಿಯೆನ್ನುವುದು ಯಾವ ನ್ಯಾಯ? 1944ರಲ್ಲಿ ಹ್ಯೂಸ್ಟನ್ನಿನ ದಂತವೈದ್ಯ ಲಾನಿ ಸ್ಮಿತ್ ಎಂಬವರ ಮೊಕದ್ದಮೆಯಲ್ಲಿ, ನ್ಯಾಯವಾದಿ ಥರ್ಗುಡ್ ಮಾರ್ಷಲ್ಲರ ವಾದವನ್ನು ಕೇಳಿದ ನ್ಯಾಯಮೂರ್ತಿಗಳು ಎಂಟಕ್ಕೆ ಒಂದರ ಬಹುಮತದಿಂದ ಆ ಹಿಂದಿನ ತೀರ್ಪನ್ನು ತಳ್ಳಿಹಾಕಿದರು. ಆ ವರ್ಷದ ಜುಲೈ ತಿಂಗಳಲ್ಲಿ ನಿಕ್ಸನ್ ದಂಪತಿಗಳು ಎಲ್ ಪಾಸೊದಲ್ಲಿ ಡೆಮೊಕ್ರಾಟಿಕ್ ಪ್ರೈಮರಿಯ ಮತವನ್ನು ಹಾಕಿದರು. ತಲೆಗಂದಾಯವೂ ಸಾಕ್ಷರತೆಯ ಪರೀಕ್ಷೆಗಳೂ ತೊಲಗಲು ಇನ್ನೂ ಇಪ್ಪತ್ತು ವರ್ಷಗಳಾದವು.

ಅಮೆರಿಕಕ್ಕೆ ವಲಸೆ ಹೋದ ಭಾರತೀಯರ ಪಾಲಿಗೆ ಪಕ್ಷದ ಮಾತಿರಲಿ, ಪೌರತ್ವವೇ ಎಟುಕುತ್ತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬ, ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಸಿಖ್ಖರಿಗೇ ಬಿಳಿಯರಲ್ಲವೆಂಬ ಕಾರಣದಿಂದ ಅದು ತಪ್ಪಿತು. 1946ರ ಶಾಸನದಿಂದ ನಿರ್ಬಂಧ ಸಡಿಲವಾಗಿ, ಪಂಜಾಬಿನಿಂದ ಬಂದು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಗಣಿತಶಾಸ್ತ್ರದ ಪಂಡಿತ ದಲೀಪ್ ಸಿಂಗ್ ಸೌಂದ್ 1949ರಲ್ಲಿ ನಾಗರಿಕರಾದರು. ಮರುವರ್ಷವೇ ಸ್ಥಳೀಯ ನ್ಯಾಯಾಧೀಶರ ಪದವಿಗೆ ಗೆದ್ದರೂ, ನಾಗರಿಕರಾಗಿ ವರ್ಷ ತುಂಬಿರಲಿಲ್ಲವೆಂದು ಅದನ್ನು ಅವರಿಗೆ ಕೊಡಲಿಲ್ಲ. ಅವರು ಧೈರ್ಯಗೆಡದೆ ಜಿಲ್ಲೆಯ ಡೆಮೊಕ್ರಾಟಿಕ್ ಸಮಿತಿಯಲ್ಲಿ ದುಡಿದು, 1952ರಲ್ಲಿ ಆ ಪದವಿಯನ್ನೂ, 1956ರಲ್ಲಿ ಪಕ್ಷದ ಪ್ರೈಮರಿಯನ್ನೂ ಗೆದ್ದು, ಬಳಿಕ ಪ್ರಖ್ಯಾತ ವಿಮಾನಚಾಲಕಿ ಜಾಕ್ವೆಲಿನ್ ಕಾಕ್ರನ್ನರನ್ನು ಸೋಲಿಸಿ ಕಾಂಗ್ರೆಸ್ಸನ್ನು ಸೇರಿದರು. ರಾಜ್ಯಾಂಗವು ವಿಧಿಸಿದ್ದ ಏಳು ವರ್ಷಗಳ ಪೌರತ್ವವು ಅವರಿಗೆ ಆಗತಾನೆ ತುಂಬಿತ್ತು.

ಇಂದು ನ್ಯೂಯಾರ್ಕಿನಂತಹ ಸಂಸ್ಥಾನದಲ್ಲಿ ಮುಂಗಡವಾಗಿ ಪಕ್ಷದ ಹೆಸರನ್ನು ನೋಂದಾಯಿಸಿದವನಿಗಷ್ಟೇ ಅದರ ಪ್ರೈಮರಿ. ಮಿಷಿಗನ್ನಿನಲ್ಲಿಯಾದರೋ ಮತದಾರನು ಮರೆಯಲ್ಲಿ ನಿಂತು ಆಗಲೇ ಒಂದು ಪಕ್ಷವನ್ನು ಆರಿಸಿಕೊಳ್ಳಬಹುದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರರು ಆ ಮಿಷಿಗನ್ನಿನಲ್ಲಿ 2018ರಲ್ಲಿ ಗವರ್ನರ್ ಪದವಿಯ ಡೆಮೊಕ್ರಾಟಿಕ್ ಪ್ರೈಮರಿಗೆ ನಿಂತು ಸೋತರು; 2022ರಲ್ಲಿ ಡೆಟ್ರಾಯಿಟ್ ಕ್ಷೇತ್ರದ ಕಾಂಗ್ರೆಸ್ ಸ್ಥಾನಕ್ಕೆ ಹಲವರೊಡನೆ ಸ್ಪರ್ಧಿಸಿ, ಚಲಾಯಿತ ಮತಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಕಡಮೆ ಪಡೆದೂ ಪ್ರೈಮರಿಯನ್ನು ಗೆದ್ದರು. ಆ ಕ್ಷೇತ್ರವು ಡೆಮೊಕ್ರಾಟರ ಭದ್ರನೆಲೆಯಾದುದರಿಂದ ನವೆಂಬರಿನ ಫಲವು ಪ್ರೈಮರಿ ನಡೆದ ಆಗಸ್ಟಿನಲ್ಲಿಯೇ ನಿರ್ಣಯವಾಗಿತ್ತು.